ಮೇಷ್ಟ್ರು ಬರೆದದ್ದು, ಶಿಷ್ಯರು ಬರೆದದ್ದು: ಕೃತಿಸೂಚಿಗೆ ಕೂರುವ ಮುನ್ನ

ಕಾಲೇಜಿಗೆ ಐವತ್ತೋ ನೂರೋ ತುಂಬುವ ಹೊತ್ತಿಗೆ ಒಂದು ಸಮಿತಿ ಹುಟ್ಟುತ್ತದೆ. ನಮ್ಮ ಅಧ್ಯಾಪಕರು, ಹಳೆಯ ವಿದ್ಯಾರ್ಥಿಗಳು ಬರೆದದ್ದನ್ನೆಲ್ಲ ಒಂದೆಡೆ ಸೇರಿಸೋಣ ಎಂದು ತೀರ್ಮಾನವಾಗುತ್ತದೆ. ಒಳ್ಳೆಯ ಕೆಲಸವೇ. ಆದರೆ ಮೊದಲ ಸಭೆಯಲ್ಲೇ ಗಾಜಿನ ಬೀರುವಿಗೂ ಸ್ಕ್ಯಾನರಿಗೂ ಕೊಟೇಶನ್ ತರಿಸುತ್ತಾರೆ, ಹೆಸರುಗಳ ಕಡತದ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ವರ್ಷ ಕಳೆದ ಮೇಲೆ ಪಟ್ಟಿ ತೆರೆದರೆ ಒಬ್ಬರೇ ಲೇಖಕರು ಮೂರು ಕಡೆ ಕೂತಿರುತ್ತಾರೆ, ಮೂವರು ಲೇಖಕರು ಒಂದೇ ಕಡೆ ಕಲಸಿಹೋಗಿರುತ್ತಾರೆ. ಇಂಥ ಸಂಗ್ರಹಗಳು ಪುಸ್ತಕ ಸಿಗದೆ ಕೆಡುವುದು ಕಡಿಮೆ. ಹೆಸರು ಕೆಟ್ಟೇ ಕೆಡುವುದು ಹೆಚ್ಚು. ಆದ್ದರಿಂದ ಮೊದಲು ಜನರ ಕಡತ, ಆಮೇಲೆ ಪುಸ್ತಕದ ಕಡತ, ಸ್ಕ್ಯಾನಿಂಗ್ ಎಲ್ಲಕ್ಕಿಂತ ಕೊನೆಗೆ.

ಉದಾಹರಣೆಗೆ ಮೈಸೂರು ವಿಶ್ವವಿದ್ಯಾಲಯವನ್ನೇ ಇಟ್ಟುಕೊಳ್ಳೋಣ. ಬರಬಹುದಾದ ತೊಡಕುಗಳೆಲ್ಲ ಅಲ್ಲಿವೆ, ಹೆಸರುಗಳೂ ಕನ್ನಡ ಓದುಗರಿಗೆ ಪರಿಚಿತ.

ಯಾರು ನಮ್ಮವರು?

ವಿಶ್ವವಿದ್ಯಾಲಯ ಶುರುವಾದದ್ದು 1916ರಲ್ಲಿ. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಅದಕ್ಕಿಂತ ಹಳೆಯವು. ಅಲ್ಲಿಯವರೆಗೆ ಎರಡೂ ಮದ್ರಾಸ್ ವಿಶ್ವವಿದ್ಯಾಲಯದ ಕೆಳಗಿದ್ದವು. ಬಿ.ಎಂ. ಶ್ರೀಕಂಠಯ್ಯನವರ ಪದವಿಗಳು ಮದ್ರಾಸಿನವು. ಅವರು ಮೈಸೂರು ವಿಶ್ವವಿದ್ಯಾಲಯದ ಅಧ್ಯಾಪಕರು ಹೌದು, ಪದವೀಧರರಲ್ಲ. ಮಾಸ್ತಿಯವರ ಎಂ.ಎ. 1914ರದ್ದು, ಅದೂ ಮದ್ರಾಸಿನದು. 'ಹಳೆಯ ವಿದ್ಯಾರ್ಥಿ' ಎಂಬ ಒಂದೇ ಕಾಲಂ ಇಟ್ಟರೆ ಇಂಥವರನ್ನು ಒಳಗೆ ಸೇರಿಸಿದರೂ ತಪ್ಪು, ಹೊರಗೆ ಬಿಟ್ಟರೂ ತಪ್ಪು. ಓದಿದ ಕಾಲೇಜಿಗೆ ಒಂದು, ಪದವಿ ಕೊಟ್ಟ ವಿಶ್ವವಿದ್ಯಾಲಯಕ್ಕೆ ಇನ್ನೊಂದು ಹೀಗೆ ಎರಡು ಕಾಲಂ ಇಡಬೇಕು. ಪದವಿ ಮುಗಿಸದೆ ಹೊರಬಂದವರಿಗೂ ಆಗ ಜಾಗ ಸಿಗುತ್ತದೆ: ಮೊದಲ ಕಾಲಂ ತುಂಬುತ್ತದೆ, ಎರಡನೆಯದು ಖಾಲಿ ಉಳಿಯುತ್ತದೆ. ಕನ್ನಡ ಸಾಹಿತ್ಯದಲ್ಲಿ ಅಂಥವರು ಕಡಿಮೆಯೇನಿಲ್ಲ.

ಮುಂದೆ ವಿಶ್ವವಿದ್ಯಾಲಯವೇ ಹೋಳಾಯಿತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಆದಾಗ ಸೆಂಟ್ರಲ್ ಕಾಲೇಜು ಅತ್ತ ಹೋಯಿತು. ಕೊಣಾಜೆಯ ಸ್ನಾತಕೋತ್ತರ ಕೇಂದ್ರ 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯವಾಯಿತು, ಬಿ.ಆರ್. ಪ್ರಾಜೆಕ್ಟಿನದು 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯವಾಯಿತು. ಕಾಳಿದಾಸನನ್ನೂ ಭಾಸನನ್ನೂ ಕನ್ನಡಕ್ಕೆ ತಂದ ಎಸ್.ವಿ. ಪರಮೇಶ್ವರ ಭಟ್ಟರು ಕೊಣಾಜೆಯಲ್ಲಿದ್ದಾಗ ಅದಿನ್ನೂ ಮೈಸೂರಿನ ಕೇಂದ್ರ. ಹಾಗಾಗಿ ಎರಡು ವಿಶ್ವವಿದ್ಯಾಲಯಗಳ ಪಟ್ಟಿಯಲ್ಲೂ ಅವರು ಇದ್ದರೆ ಅದು ಜಗಳದ ವಿಷಯವಲ್ಲ. ಇಸವಿ ಬರೆದಿದ್ದರೆ ಸಾಕು.

ಇಸವಿಯೊಂದನ್ನೇ ನಂಬಿದರೂ ಆಗದು. ರಾಧಾಕೃಷ್ಣನ್ ಮೈಸೂರಿನಲ್ಲಿ ಪಾಠ ಹೇಳಿದ್ದು 1918ರಿಂದ 1921ರವರೆಗೆ. ರವೀಂದ್ರನಾಥರ ತತ್ತ್ವಶಾಸ್ತ್ರ ಕುರಿತ ಪುಸ್ತಕ 1918ರಲ್ಲಿ, ಸಮಕಾಲೀನ ತತ್ತ್ವಶಾಸ್ತ್ರದಲ್ಲಿ ಮತಧರ್ಮದ ಹಿಡಿತ ಕುರಿತದ್ದು 1920ರಲ್ಲಿ ಬಂತು. ಭಾರತೀಯ ತತ್ತ್ವಶಾಸ್ತ್ರದ ಮೊದಲ ಸಂಪುಟ ಬಂದದ್ದು 1923ರಲ್ಲಿ, ಅಷ್ಟರಲ್ಲಿ ಅವರು ಕಲ್ಕತ್ತೆಯಲ್ಲಿದ್ದರು. ಇಲ್ಲಿ ಇಸವಿ ನೋಡಿ ಗೆರೆ ಎಳೆಯಬಹುದು. ಎಂ. ಹಿರಿಯಣ್ಣನವರ ವಿಷಯದಲ್ಲಿ ಅದೇ ಗೆರೆ ಮೋಸ ಮಾಡುತ್ತದೆ. ಭಾರತೀಯ ತತ್ತ್ವಶಾಸ್ತ್ರದ ರೂಪರೇಖೆ ಕುರಿತ ಅವರ ಇಂಗ್ಲಿಷ್ ಪುಸ್ತಕ ಲಂಡನ್ನಿನಲ್ಲಿ ಅಚ್ಚಾದದ್ದು 1932ರಲ್ಲಿ, ಅವರು ನಿವೃತ್ತರಾದ ಮೇಲೆ. ಆದರೆ ಮೈಸೂರಿನಲ್ಲಿ ವರ್ಷಗಟ್ಟಲೆ ಹೇಳಿದ ಪಾಠಗಳೇ ಪುಸ್ತಕದ ಆಧಾರ ಎಂದು ಮುನ್ನುಡಿಯಲ್ಲಿ ಅವರೇ ಹೇಳುತ್ತಾರೆ. ಅದನ್ನು 'ಅಧ್ಯಾಪಕರ ಕೃತಿ' ಅಲ್ಲ ಎನ್ನುವ ಪಟ್ಟಿ ಯಾವ ಕೆಲಸಕ್ಕೆ ಬಂತು? ಹಾಗಾಗಿ ಪಟ್ಟಿಗೆ ಸೇರಿಸುವುದು ವ್ಯಕ್ತಿಯನ್ನು ನೋಡಿ. ಸೇವೆಯಲ್ಲಿದ್ದಾಗ, ಸೇವೆಗೆ ಮೊದಲು, ನಿವೃತ್ತಿಯ ನಂತರ ಎಂಬುದನ್ನು ಕೃತಿಯ ಎದುರು ಗುರುತು ಹಾಕಿದರೆ ಆಯಿತು. ಸೋಸುವ ಕೆಲಸ ಓದುಗನಿಗೆ ಬಿಡಿ.

ಈ ವಿವರಗಳಿಗೆ ಆಕರ ಯಾವುದು? ವಿಶ್ವವಿದ್ಯಾಲಯದ ಹಳೆಯ ಕ್ಯಾಲೆಂಡರುಗಳು, ಘಟಿಕೋತ್ಸವದ ದಾಖಲೆಗಳು, ಸೇವಾ ಪುಸ್ತಕಗಳು. ಕ್ಯಾಲೆಂಡರ್ ಅಂದರೆ ಗೋಡೆಗೆ ತೂಗುವುದಲ್ಲ. ನಿಯಮ, ಪಠ್ಯಕ್ರಮ, ಅಧ್ಯಾಪಕರ ಪಟ್ಟಿ ಎಲ್ಲ ಇರುವ ವಾರ್ಷಿಕ ಸಂಪುಟ. ಅಭಿನಂದನ ಗ್ರಂಥಗಳಲ್ಲಿ ಕೊಡುವ ಜೀವನ ವಿವರವನ್ನು ಮಾತ್ರ ಇನ್ನೊಂದು ಆಕರದ ಜೊತೆ ತಾಳೆ ನೋಡದೆ ಬಳಸಬೇಡಿ. ಅಲ್ಲಿ ಸೇವೆಗೆ ಸೇರಿದ ವರ್ಷಕ್ಕಿಂತ ಪ್ರೀತಿ ಹೆಚ್ಚಿರುತ್ತದೆ.

ಮೂವರು ನರಸಿಂಹಾಚಾರ್ಯರು

ಹಳೆಯ ಕಾರ್ಡ್ ಕೆಟಲಾಗಿನಲ್ಲಿ 'ನರಸಿಂಹಾಚಾರ್' ಎಂದು ಹುಡುಕಿ. ಕವಿಚರಿತೆಯ ಆರ್. ನರಸಿಂಹಾಚಾರ್ಯರು, ಗ್ರಂಥಸಂಪಾದನೆಯ ಡಿ.ಎಲ್. ನರಸಿಂಹಾಚಾರ್, ಮೇಲುಕೋಟೆಯ ಪು.ತಿ. ನರಸಿಂಹಾಚಾರ್ ಮೂವರೂ ಅಕ್ಕಪಕ್ಕ ಸಿಗುತ್ತಾರೆ. ಶ್ರೀಕಂಠಯ್ಯ ಎಂದು ಹುಡುಕಿದರೆ ಬಿ.ಎಂ.ಶ್ರೀ. ಮತ್ತು ತೀ.ನಂ.ಶ್ರೀ., ಪಕ್ಕದಲ್ಲೇ ಇತಿಹಾಸಕಾರ ಎಸ್. ಶ್ರೀಕಂಠಶಾಸ್ತ್ರಿಗಳು. ಕನ್ನಡದಲ್ಲಿ ಮನುಷ್ಯನನ್ನು ಬೇರೆ ಮಾಡುವುದು ಇನಿಷಿಯಲ್ಲು, ಆದರೆ ಎಲ್ಲಕ್ಕಿಂತ ಅಸ್ಥಿರವಾದದ್ದೂ ಅದೇ. 'ತೀ.ನಂ.' ಇಂಗ್ಲಿಷಿನ ದಾರಿ ಹಿಡಿದು ಬಂದರೆ 'ಟಿ.ಎನ್.' ಆಗುತ್ತದೆ. 'ಡಿ.ಎಲ್.', 'ಡಿ. ಎಲ್.', 'ಡಿ ಎಲ್' ನಮ್ಮ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಮೂರು. ಚುಕ್ಕಿ ಮತ್ತು ತೆರಪಿನ ಬಗ್ಗೆ ಮೊದಲ ದಿನವೇ ಒಂದು ನಿಯಮ ಮಾಡಿ ಗೋಡೆಗೆ ಅಂಟಿಸಿ. ಯಾವ ನಿಯಮವಾದರೂ ನಡೆಯುತ್ತದೆ, ಎರಡು ನಿಯಮ ಮಾತ್ರ ಇರಬಾರದು.

ಕಾವ್ಯನಾಮಗಳದು ಇನ್ನೊಂದು ಕಥೆ. ಕುವೆಂಪು 1922ರ ಇಂಗ್ಲಿಷ್ ಕವನಗಳ ಪುಸ್ತಿಕೆಯಲ್ಲಿ ಕೆ.ವಿ. ಪುಟ್ಟಪ್ಪ. ಶುರುವಿನ ಕೆಲವು ಬರಹಗಳಿಗೆ ಅವರು ಹಾಕಿಕೊಂಡ ಹೆಸರು ಕಿಶೋರಚಂದ್ರವಾಣಿ. ಜಿ.ಪಿ. ರಾಜರತ್ನಂ ಕೆಲವು ಕಡೆ 'ಭ್ರಮರ'. ಆರ್.ಕೆ. ನಾರಾಯಣ್ ಮಹಾರಾಜ ಕಾಲೇಜಿನಲ್ಲಿ ಬಿ.ಎ. ಓದುವಾಗ ನಾರಾಯಣಸ್ವಾಮಿ, ಹೆಸರು ಮೊಟಕಾದದ್ದು ಮೊದಲ ಕಾದಂಬರಿ ಲಂಡನ್ನಿನಲ್ಲಿ ಅಚ್ಚಿಗೆ ಹೋಗುವಾಗ. ಅನಂತಮೂರ್ತಿಯವರ ಹೆಸರು 'ಸಂಸ್ಕಾರ'ದ ಇಂಗ್ಲಿಷ್ ಅನುವಾದದ ಶೀರ್ಷಿಕೆ ಪುಟದಲ್ಲಿ 'ಅನಂತ' ಬೇರೆ, 'ಮೂರ್ತಿ' ಬೇರೆಯಾಗಿದೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಅರ್ಧ ಪಟ್ಟಿಯೇ ಕಾಣೆಯಾಗುವ ಅಪಾಯ. ದಾಖಲೆಯಲ್ಲಿ ತಂದೆಯ ಇನಿಷಿಯಲ್, ಪುಸ್ತಕದ ಮೇಲೆ ಗಂಡನ ಹೆಸರು ಅಥವಾ ಕಾವ್ಯನಾಮ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಓದಿದ ತ್ರಿವೇಣಿಯವರನ್ನು ಕಾದಂಬರಿಯ ಹೊದಿಕೆ ಹಿಡಿದುಕೊಂಡು ಪದವೀಧರರ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಅವರು ಅನಸೂಯಾ ಶಂಕರ್. ಹುಟ್ಟುಹೆಸರು ಅದೂ ಅಲ್ಲ, ಭಾಗೀರಥಿ. ಹೀಗೆ ಹೊಂದಿಸಲಾಗದೆ ಉಳಿದ ಹೆಸರುಗಳನ್ನು ಅಳಿಸದೆ ಬೇರೆ ಹಾಳೆಯಲ್ಲಿಟ್ಟು ಮನೆಯವರನ್ನು, ಸಹಪಾಠಿಗಳನ್ನು ಕೇಳಿ ಸರಿಮಾಡಬೇಕು.

ಇದನ್ನೆಲ್ಲ ಹಿಡಿದಿಡುವುದಕ್ಕೆ ಗ್ರಂಥಾಲಯದವರು ಬಳಸುವುದು ಅಥಾರಿಟಿ ರೆಕಾರ್ಡ್, ಅಂದರೆ ಒಬ್ಬರ ಎಲ್ಲ ಹೆಸರುಗಳನ್ನೂ ಒಂದೆಡೆ ಕಟ್ಟಿಡುವ ನಮೂದು. ಗ್ರಂಥಾಲಯಗಳಿಗೆಂದೇ ಇರುವ ಕೋಹಾ ತಂತ್ರಾಂಶ ಉಚಿತ, ಕನ್ನಡ ಲಿಪಿ ಒಪ್ಪಿಕೊಳ್ಳುತ್ತದೆ, ಅದರಲ್ಲಿ ಈ ಸೌಲಭ್ಯ ಇದ್ದೇ ಇದೆ. ಮಾರ್ಕ್ ಎಂಬ ನಮೂದಿನ ಮಾದರಿಯಲ್ಲಿ ಒಂದೊಂದು ಬಗೆಯ ವಿವರಕ್ಕೂ ಸಂಖ್ಯೆಯಿರುವ ಒಂದೊಂದು ಕ್ಷೇತ್ರ ಇರುತ್ತದೆ. ಕುವೆಂಪು ಅವರ ರೆಕಾರ್ಡನ್ನೇ ನೋಡೋಣ. 100ನೇ ಕ್ಷೇತ್ರದಲ್ಲಿ 'ಕುವೆಂಪು, 1904–1994'. ಇದೊಂದೇ ಅಧಿಕೃತ ರೂಪ. 400ನೇ ಕ್ಷೇತ್ರವನ್ನು ಬೇಕಾದಷ್ಟು ಸಲ ತುಂಬಬಹುದು: 'ಪುಟ್ಟಪ್ಪ, ಕೆ.ವಿ.', 'ಪುಟ್ಟಪ್ಪ, ಕುಪ್ಪಳ್ಳಿ ವೆಂಕಟಪ್ಪ', 'ಕಿಶೋರಚಂದ್ರವಾಣಿ', ಜೊತೆಗೆ ರೋಮನ್ ಲಿಪಿಯ ರೂಪಗಳು. ಓದುಗ ಯಾವುದನ್ನು ಟೈಪ್ ಮಾಡಿದರೂ ಒಂದೇ ಕಡೆ ಬಂದು ನಿಲ್ಲುತ್ತಾನೆ. 373ನೇ ಕ್ಷೇತ್ರ ನಮ್ಮ ಕೆಲಸಕ್ಕೆಂದೇ ಮಾಡಿದಂತಿದೆ. ಅಲ್ಲಿ ಸಂಸ್ಥೆಯ ಹೆಸರು, 'ಎಸ್' ಉಪಕ್ಷೇತ್ರದಲ್ಲಿ ಶುರುವಾದ ವರ್ಷ, 'ಟಿ'ಯಲ್ಲಿ ಮುಗಿದ ವರ್ಷ. ಕುವೆಂಪು ಎಂ.ಎ. ಮುಗಿಸಿ ಅಧ್ಯಾಪಕರಾದದ್ದು 1929ರಲ್ಲಿ, ಕುಲಪತಿಯಾಗಿದ್ದು 1956ರಿಂದ 1960ರವರೆಗೆ. ಹಾಗಾಗಿ ಅಧ್ಯಾಪಕ ಸಾಲು 1929ಕ್ಕೆ ಶುರು, ಕುಲಪತಿಯ ಸಾಲು ಬೇರೆಯೇ. 670ರಲ್ಲಿ ಈ ವಿವರ ಎಲ್ಲಿ ಸಿಕ್ಕಿತು ಎಂದು ಪುಟಸಂಖ್ಯೆ ಸಮೇತ ಬರೆಯಬೇಕು. ಎಲ್ಲರೂ ಬಿಟ್ಟುಬಿಡುವುದು ಈ 670ನ್ನೇ. ಹತ್ತು ವರ್ಷದ ಮೇಲೆ ಯಾರಾದರೂ ತಕರಾರು ತೆಗೆದಾಗ ಉತ್ತರ ಹೇಳುವುದೂ ಅದೇ.

ತಂತ್ರಾಂಶ ಇಲ್ಲದಿದ್ದರೆ ಎಕ್ಸೆಲ್ ಸಾಕು. ಎರಡು ಹಾಳೆ ಮಾಡಿ: ಒಂದರಲ್ಲಿ ವ್ಯಕ್ತಿಗಳು, ಒಬ್ಬೊಬ್ಬರಿಗೂ ಒಂದು ಸಂಖ್ಯೆ, ಇನ್ನೊಂದರಲ್ಲಿ ಕೃತಿಗಳು, ಲೇಖಕರ ಹೆಸರಿನ ಬದಲು ಆ ಸಂಖ್ಯೆ. ಹೆಸರನ್ನೇ ಪ್ರತಿ ಸಾಲಿನಲ್ಲೂ ಟೈಪ್ ಮಾಡಲು ಬಿಟ್ಟರೆ ಮೂವರು ಟೈಪಿಸ್ಟರು ಮೂರು ಬಗೆಯಲ್ಲಿ ಬರೆಯುತ್ತಾರೆ.

ಶೀರ್ಷಿಕೆ ಪುಟದ ಹಿಂಬದಿ

ಮಾಹಿತಿ ತೆಗೆಯಬೇಕಾದದ್ದು ಶೀರ್ಷಿಕೆ ಪುಟದಿಂದ ಮತ್ತು ಅದರ ಹಿಂಬದಿಯಿಂದ. ಹೊದಿಕೆ ಚಂದಕ್ಕಿರುವುದು, ಅಲ್ಲಿ ಹೆಸರು ಮೊಟಕಾಗಿರುತ್ತದೆ. ಹಾಗೆಂದು ಹೊದಿಕೆಯನ್ನು ಎಸೆಯುವಂತಿಲ್ಲ. ನಮ್ಮ ಗ್ರಂಥಾಲಯಗಳಲ್ಲಿ ಪುಸ್ತಕ ಬೈಂಡಿಂಗಿಗೆ ಹೋದರೆ ಮೊದಲು ಹೋಗುವುದು ಕಾಗದದ ಹೊದಿಕೆ. ಅದರ ಹಿಂದೆಯೇ 'ಇದೇ ಲೇಖಕರ ಇತರ ಕೃತಿಗಳು' ಎಂಬ ಪಟ್ಟಿ ಇರುತ್ತದೆ. ಬೈಂಡರಿಗೆ ಕೊಡುವ ಮುನ್ನ ಹೊದಿಕೆಯ ನಾಲ್ಕೂ ಮುಖದ ಫೋಟೊ ತೆಗೆದಿಡಿ, ಅಂಚು ಕತ್ತರಿಸಬೇಡಿ ಎಂದು ಚೀಟಿಯಲ್ಲಿ ಬರೆದೇ ಕೊಡಿ.

ಮುದ್ರಣ ಮತ್ತು ಆವೃತ್ತಿಯನ್ನು ನಮ್ಮ ಪ್ರಕಾಶಕರು ಬೇರೆ ಮಾಡುವುದು ಅಪರೂಪ. 'ಎರಡನೆಯ ಮುದ್ರಣ' ಎಂದಿದ್ದರೂ ಒಳಗೆ ಎರಡು ಅಧ್ಯಾಯ ಹೊಸದಿರಬಹುದು. 'ಪರಿಷ್ಕೃತ' ಎಂದಿದ್ದರೂ ಬೆಲೆ ಮಾತ್ರ ಪರಿಷ್ಕಾರವಾಗಿರಬಹುದು. ಪುಟಸಂಖ್ಯೆ ಹೋಲಿಸಿ, ಪರಿವಿಡಿ ಹೋಲಿಸಿ, ಹೊಸ ಮುನ್ನುಡಿ ಇದೆಯೇ ನೋಡಿ. ಮೂರರಲ್ಲಿ ಒಂದು ಬದಲಾಗಿದ್ದರೂ ಬೇರೆ ನಮೂದು ಮಾಡಿ.

ಇಸವಿಯೇ ಇಲ್ಲದ ಪುಸ್ತಕ ಬಂದಾಗ ಮುನ್ನುಡಿಯ ಕೊನೆಗೆ ಹೋಗಿ. ಅಲ್ಲಿ 'ವಿರೋಧಿ ಸಂ. ಮಾಘ ಶುದ್ಧ ಪಂಚಮಿ' ಎಂಬಂಥ ಸಾಲು ಇರುತ್ತದೆ. ನಮ್ಮ ಕಡೆಯ ಲೆಕ್ಕದಲ್ಲಿ ಅರವತ್ತರಲ್ಲಿ ಮೊದಲನೆಯದಾದ ಪ್ರಭವ ಸಂವತ್ಸರ ಶುರುವಾದದ್ದು 1927ರ ಯುಗಾದಿಗೆ, ಮತ್ತೆ 1987ರ ಯುಗಾದಿಗೆ. ವಿರೋಧಿ 23ನೆಯದು, ಹಾಗಾಗಿ 1949ರ ಯುಗಾದಿಯಿಂದ 1950ರ ಯುಗಾದಿಯವರೆಗೆ. ಸಂವತ್ಸರ ನೋಡಿದ ಕೂಡಲೇ 1949 ಎಂದು ಬರೆದರೆ ಇಲ್ಲಿ ತಪ್ಪಾಯಿತು: ಮಾಘ ಬಂದದ್ದು 1950ರ ಜನವರಿ–ಫೆಬ್ರವರಿಯಲ್ಲಿ. ಮಾಘ, ಫಾಲ್ಗುಣ ಮತ್ತು ಪುಷ್ಯದ ಬಹುಭಾಗ ಮುಂದಿನ ಇಂಗ್ಲಿಷ್ ವರ್ಷಕ್ಕೆ ಸೇರುತ್ತವೆ. ವಿರೋಧಿಯನ್ನು ವಿರೋಧಿಕೃತ್ ಎಂದು ಓದಿಕೊಂಡರಂತೂ ಪುಸ್ತಕ 1971–72ಕ್ಕೆ ಹಾರುತ್ತದೆ. ಮುನ್ನುಡಿಯ ದಿನಾಂಕ ಮುದ್ರಣದ ದಿನಾಂಕವಲ್ಲ ಎಂಬುದೂ ನೆನಪಿರಲಿ. ಊಹಿಸಿದ ಇಸವಿಯನ್ನು ಚೌಕ ಕಂಸದಲ್ಲಿಟ್ಟು ಪ್ರಶ್ನಾರ್ಥಕ ಚಿಹ್ನೆ ಹಾಕುವುದು ಗ್ರಂಥಾಲಯದ ಹಳೆಯ ಪದ್ಧತಿ.

ಪ್ರತಿಯೇ ಸಿಗದಿದ್ದರೆ? 1954ರ ಪುಸ್ತಕ ಒಪ್ಪಿಸುವ ಕಾಯ್ದೆಯ ಪ್ರಕಾರ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ ಹೋಗಬೇಕು, ಚೆನ್ನೈನ ಕನ್ನೆಮಾರ ಗ್ರಂಥಾಲಯಕ್ಕೂ ಹೋಗಬೇಕು. ಎಲ್ಲರೂ ಕಳಿಸುವುದಿಲ್ಲ ಎಂಬುದು ಬೇರೆ ಮಾತು. 1958ರಿಂದ ಬರುತ್ತಿರುವ ಭಾರತೀಯ ರಾಷ್ಟ್ರೀಯ ಗ್ರಂಥಸೂಚಿಯಲ್ಲಿ ಕನ್ನಡವೂ ಇದೆ. ಅದಕ್ಕಿಂತ ಹಳೆಯದಕ್ಕೆ ನಿಯತಕಾಲಿಕೆಗಳ ವಿಮರ್ಶೆ ಮತ್ತು ಸಾದರ ಸ್ವೀಕಾರದ ಪುಟಗಳೇ ಗತಿ. ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಲ್ಲಿ ಹುಟ್ಟಿ ಮುಂದೆ ವಿಶ್ವವಿದ್ಯಾಲಯದ ಪಾಲಿಗೆ ಬಂದ ಪ್ರಬುದ್ಧ ಕರ್ಣಾಟಕ ಪತ್ರಿಕೆಯನ್ನು ಸಂಚಿಕೆ ಸಂಚಿಕೆ ಕೂತು ನೋಡದೆ ಮೈಸೂರಿನವರ ಪಟ್ಟಿ ಮುಗಿಯುವುದಿಲ್ಲ. ಎಷ್ಟೋ ಅಧ್ಯಾಪಕರು ಪುಸ್ತಕ ಮಾಡದೆ ಬಿಟ್ಟ ಲೇಖನಗಳು ಅಲ್ಲೇ ಉಳಿದಿವೆ.

ಯಾವುದು ಕೃತಿ, ಯಾರದು ಕೃತಿ

'ವಡ್ಡಾರಾಧನೆ'ಯ ಎದುರು ಡಿ.ಎಲ್.ಎನ್. ಹೆಸರನ್ನು ಲೇಖಕ ಎಂದು ಹಾಕಿರುವ ಪಟ್ಟಿಗಳು ಬೇಕಾದಷ್ಟಿವೆ. ಅವರು ಸಂಪಾದಕರು. ಅಂಥ ಹೆಸರು ಪುಸ್ತಕದ ನಮೂದಿನ 700ನೇ ಕ್ಷೇತ್ರಕ್ಕೆ ಹೋಗಬೇಕು, ಪಾತ್ರ 'ಸಂಪಾದಕ' ಎಂದು ಬರೆಯಬೇಕು. ಇದರಿಂದ ಅವರ ಕೆಲಸ ಸಣ್ಣದಾಗುವುದಿಲ್ಲ. ಹಸ್ತಪ್ರತಿ ಹೋಲಿಸಿ ಪಾಠ ನಿರ್ಣಯಿಸುವುದು ವಿಶ್ವವಿದ್ಯಾಲಯದಲ್ಲಿ ನಡೆಯಬಹುದಾದ ವಿದ್ವತ್ತಿನ ಕೆಲಸಗಳಲ್ಲೇ ಕಷ್ಟದ್ದು. ಅದನ್ನು ಅದರ ಹೆಸರಿನಿಂದಲೇ ಕರೆಯುವುದು ಮರ್ಯಾದೆ.

ಅನುವಾದಕ್ಕೆ 'ಸಂಸ್ಕಾರ' ಒಳ್ಳೆಯ ಪಾಠ. ಕನ್ನಡದ್ದು 1965ರದು, ಬರೆದವರು ಮೈಸೂರಿನಲ್ಲೇ ಓದಿ ಮೈಸೂರಿನಲ್ಲೇ ಇಂಗ್ಲಿಷ್ ಪಾಠ ಹೇಳಿದವರು. ಇಂಗ್ಲಿಷ್ ಮಾಡಿದ ಎ.ಕೆ. ರಾಮಾನುಜನ್ ಕೂಡ ಮಹಾರಾಜ ಕಾಲೇಜಿನ ವಿದ್ಯಾರ್ಥಿ, ಆ ಹೊತ್ತಿಗೆ ಷಿಕಾಗೊದಲ್ಲಿ ಪ್ರಾಧ್ಯಾಪಕ. ಅನುವಾದ ಬಂದದ್ದು 1976ರಲ್ಲಿ. ಇವೆರಡೂ ಬೇರೆ ನಮೂದುಗಳು, ಇಂಗ್ಲಿಷಿನದು ಇಬ್ಬರ ಸಂಖ್ಯೆಗೂ ಜೋಡಣೆಯಾಗಬೇಕು. ಅನುವಾದವನ್ನು ಮೂಲದ ಕೆಳಗೆ ಟಿಪ್ಪಣಿಯಾಗಿ ಬರೆದುಬಿಟ್ಟರೆ ರಾಮಾನುಜನ್ ಹೆಸರಿನಡಿ ಅವರ ಒಂದು ಮುಖ್ಯ ಕೆಲಸವೇ ಕಾಣುವುದಿಲ್ಲ.

ಪಿಎಚ್.ಡಿ. ಪ್ರಬಂಧ ಮತ್ತು ಅದರಿಂದ ಹುಟ್ಟಿದ ಪುಸ್ತಕ ಕೂಡ ಬೇರೆ ಬೇರೆ. ಪ್ರಬಂಧಕ್ಕೆ 502ನೇ ಕ್ಷೇತ್ರದಲ್ಲಿ ಪದವಿ, ವಿಶ್ವವಿದ್ಯಾಲಯ, ವರ್ಷ. ಎಸ್.ಎಲ್. ಭೈರಪ್ಪನವರು ಮೈಸೂರಿನ ತತ್ತ್ವಶಾಸ್ತ್ರದ ಎಂ.ಎ., ಪಿಎಚ್.ಡಿ. ಬರೋಡದ್ದು. ಪ್ರಬಂಧದ ನಮೂದು ಬರೋಡಕ್ಕೆ ಸಲ್ಲುತ್ತದೆ, ಲೇಖಕರಾಗಿ ಅವರು ಮೈಸೂರಿನ ಪಟ್ಟಿಯಲ್ಲೂ ಇರುತ್ತಾರೆ. ಈಚಿನ ಪ್ರಬಂಧಗಳು ಶೋಧಗಂಗಾ ಎಂಬ ಜಾಲತಾಣದಲ್ಲಿ ಸಿಗುತ್ತವೆ. ಅಲ್ಲಿಗೆ ಕೊಂಡಿ ಕೊಟ್ಟರೆ ಸಾಕು, ಕಡತವನ್ನು ಮತ್ತೆ ಇಳಿಸಿ ಏರಿಸುವ ಅಗತ್ಯವಿಲ್ಲ.

ಸಮಿತಿಗಳು ಹೆಚ್ಚು ಎಡವುವುದು ಎರಡು ದೋಣಿಯಲ್ಲಿ ಕಾಲಿಟ್ಟವರ ವಿಷಯದಲ್ಲಿ. ಬಿ.ಜಿ.ಎಲ್. ಸ್ವಾಮಿ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವರು. ಸಾರ್ಕಾಂಡ್ರಾ ಇರ್ವಿಂಗ್‌ಬೈಲಿಯೈ ಎಂಬ ಗಿಡದ ಹೆಸರಿನ ನಂತರ 'ಸ್ವಾಮಿ' ಎಂದು ಲೇಖಕ ಸಂಕ್ಷೇಪವಾಗಿ ನಿಂತಿರುವುದು 'ಹಸುರು ಹೊನ್ನು' ಬರೆದ ಇವರೇ. ವಿಜ್ಞಾನ ವಿಭಾಗ ಕೊಡುವ ಪಟ್ಟಿಯಲ್ಲಿ ಪ್ರಬಂಧ, ನಾಟಕಗಳಿರುವುದಿಲ್ಲ. ಕನ್ನಡ ವಿಭಾಗದ ಪಟ್ಟಿಯಲ್ಲಿ ಭ್ರೂಣಶಾಸ್ತ್ರದ ಲೇಖನಗಳಿರುವುದಿಲ್ಲ. ರಾಜರತ್ನಂ ಅವರಲ್ಲಿ ಇದೇ ಸಮಸ್ಯೆಗೆ ಇನ್ನೊಂದು ಮುಖ: ಬೌದ್ಧ, ಜೈನ ವಿಷಯದ ಪುಸ್ತಕಗಳನ್ನು 'ವಿದ್ವತ್ತು' ಎಂದು ಒಳಗೆ ಬಿಟ್ಟುಕೊಂಡು ಮಕ್ಕಳ ಪದ್ಯಗಳನ್ನು ಬಾಗಿಲಲ್ಲಿ ನಿಲ್ಲಿಸುತ್ತಾರೆ. ವಿಭಾಗವಾರು ಪಟ್ಟಿ ತರಿಸಿಕೊಳ್ಳುವ ಪದ್ಧತಿಯಿಂದಲೇ ಈ ತೊಂದರೆ. ವ್ಯಕ್ತಿವಾರು ಹುಡುಕಿದರೆ ಅದು ಬರುವುದೇ ಇಲ್ಲ.

ಲಿಪಿ, ಸ್ಕ್ಯಾನ್, ಹಕ್ಕು

ನಮೂದುಗಳೆಲ್ಲ ಯೂನಿಕೋಡಿನಲ್ಲಿರಬೇಕು. ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದಲ್ಲಿ ಟೈಪ್ ಮಾಡಿದ ಪಟ್ಟಿಯನ್ನು ಪರಿವರ್ತಕಕ್ಕೆ ಹಾಕಿದ ಮೇಲೆ ಅರ್ಕಾವೊತ್ತು ಮತ್ತು ಒತ್ತಕ್ಷರ ಇರುವ ಪದಗಳನ್ನು ಕಣ್ಣಾರೆ ಓದಿ ನೋಡಬೇಕು. ಒಂದೇ 'ಕೋ' ಎರಡು ಬಗೆಯಲ್ಲಿ ಕೂತಿರಬಹುದು: ಇಡಿಯಾದ ಒಂದೇ ಸ್ವರಚಿಹ್ನೆಯಾಗಿ, ಇಲ್ಲವೇ ಎತ್ವ, ಕೊಂಬಿನ ದೀರ್ಘ, ದೀರ್ಘಚಿಹ್ನೆ ಎಂದು ಬಿಡಿಬಿಡಿಯಾಗಿ. ಪರದೆಯ ಮೇಲೆ ವ್ಯತ್ಯಾಸ ಕಾಣದು, ಹುಡುಕಿದರೆ ಒಂದು ಸಿಕ್ಕಿ ಇನ್ನೊಂದು ಸಿಗದು. ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತರುವ ಕ್ರಿಯೆಯನ್ನು ಇಡೀ ಕಡತದ ಮೇಲೆ ಒಮ್ಮೆ ಓಡಿಸಿದರೆ ಇದು ಸರಿಹೋಗುತ್ತದೆ. 'ಕರ್ಣಾಟಕ' ಮತ್ತು 'ಕರ್ನಾಟಕ', 'ಗೀತಗಳು' ಮತ್ತು 'ಗೀತೆಗಳು' ಅದರಿಂದ ಸರಿಹೋಗುವುದಿಲ್ಲ. ಶೀರ್ಷಿಕೆ ಪುಟದಲ್ಲಿರುವಂತೆ 245ನೇ ಕ್ಷೇತ್ರದಲ್ಲಿ, ಈಗಿನ ರೂಪವನ್ನು 246ರಲ್ಲಿ ಕೊಡಿ.

ಸ್ಕ್ಯಾನಿಗೆ ಅಂಗುಲಕ್ಕೆ 300 ಚುಕ್ಕಿ ಸಾಲುತ್ತದೆ, ಸಣ್ಣ ಅಕ್ಷರದ ಅಡಿಟಿಪ್ಪಣಿ ಇದ್ದರೆ 400. ಡೆಮಿ ಅಷ್ಟಮದ ಒಂದು ಪುಟ 5.5 ಅಂಗುಲಕ್ಕೆ 8.5 ಎಂದಿಟ್ಟುಕೊಂಡರೆ 300ರಲ್ಲಿ ಬೂದುಬಣ್ಣದ ಟಿಫ್ ಸುಮಾರು 4.2 ಎಂಬಿ, 300 ಪುಟದ ಪುಸ್ತಕಕ್ಕೆ 1.3 ಜಿಬಿ, ಬಣ್ಣದಲ್ಲಾದರೆ ಅದರ ಮೂರರಷ್ಟು. ಡಿಸ್ಕ್ ಕೊಳ್ಳುವ ಮುನ್ನ ಈ ಗುಣಾಕಾರ ಮಾಡಿ, ಎರಡನೆಯ ಪ್ರತಿಗೂ ಸೇರಿಸಿ. ಹಳೆಯ ಮರತಿರುಳಿನ ಕಾಗದ ಆಮ್ಲದಿಂದ ಪೆಡಸಾಗಿರುತ್ತದೆ. ಮೂಲೆಯನ್ನು ಮೆಲ್ಲಗೆ ಬಾಗಿಸಿದಾಗಲೇ ಬಿರುಕು ಬಿಡುವ ಪುಸ್ತಕವನ್ನು ಗಾಜಿನ ಮೇಲೆ ಬೋರಲು ಹಾಕಬೇಡಿ, ಪೂರ್ತಿ ಬಿಡಿಸದೆ ತೊಟ್ಟಿಲಿನಂಥ ಆಸರೆಯ ಮೇಲಿಟ್ಟು ಮೇಲಿನಿಂದ ಕ್ಯಾಮರಾದಲ್ಲಿ ತೆಗೆಯಿರಿ. ಹರಿದದ್ದಕ್ಕೆ ಸೆಲೋಟೇಪ್ ಹಚ್ಚಲೇಬಾರದು. ಅಂಟು ಕೆಲವೇ ವರ್ಷದಲ್ಲಿ ಕಂದಾಗಿ ಅಕ್ಷರಕ್ಕೇ ಇಳಿಯುತ್ತದೆ.

ಕೃತಿಸ್ವಾಮ್ಯದ ಹಕ್ಕಿನ ಲೆಕ್ಕ ಸುಲಭ. ಲೇಖಕರು ತೀರಿಕೊಂಡ ವರ್ಷದ ನಂತರದ ಜನವರಿ 1ರಿಂದ 60 ವರ್ಷ. ಬಿ.ಎಂ.ಶ್ರೀ. 1946ರಲ್ಲಿ ತೀರಿಕೊಂಡರು, 2007ರಿಂದ ಅವರ ಕೃತಿಗಳು ಮುಕ್ತ. ಹಿರಿಯಣ್ಣ 1950, ಆದ್ದರಿಂದ 2011ರಿಂದ. ತ್ರಿವೇಣಿ 1963, 2024ರಿಂದ. ತೀ.ನಂ.ಶ್ರೀ. 1966, 2027ರ ಜನವರಿಯಿಂದ. ಡಿ.ಎಲ್.ಎನ್. 1971, 2032ರಿಂದ. ಕುವೆಂಪು 2055ರವರೆಗೆ ಕಾಯಬೇಕು. ಲೇಖಕರ ನಂತರ ಮೊದಲ ಸಲ ಅಚ್ಚಾದದ್ದಕ್ಕೆ ಎಣಿಕೆ ಪ್ರಕಟಣೆಯ ವರ್ಷದಿಂದ, ಅನುವಾದಕ್ಕೆ ಅನುವಾದಕರ ಹಕ್ಕು ಬೇರೆಯೇ ಇರುತ್ತದೆ. ಹಕ್ಕು ಇನ್ನೂ ಉಳಿದಿರುವ ಪುಸ್ತಕದ ಅಚ್ಚಿನ ಪ್ರತಿ ಗ್ರಂಥಾಲಯದಲ್ಲಿದ್ದರೆ, ಲಾಭಕ್ಕಾಗಿ ನಡೆಯದ ಸಾರ್ವಜನಿಕ ಗ್ರಂಥಾಲಯ ಅದನ್ನು ಸಂರಕ್ಷಣೆಗಾಗಿ ಡಿಜಿಟಲ್ ಮಾಡಿಟ್ಟುಕೊಳ್ಳಲು ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಜಾಲತಾಣಕ್ಕೆ ಏರಿಸಿ ಎಲ್ಲರಿಗೂ ಹಂಚಲು ಕೊಟ್ಟಿಲ್ಲ. ವಿಶ್ವವಿದ್ಯಾಲಯದ ಪ್ರಕಟಣಾ ವಿಭಾಗವಾದ ಪ್ರಸಾರಾಂಗದ ಪುಸ್ತಕವಾದ್ದರಿಂದ ಹಕ್ಕು ನಮ್ಮದೇ ಎಂದು ತಿಳಿಯುವುದೂ ಅಪಾಯ, ಕರಾರು ಪತ್ರ ತೆಗೆಸಿ ನೋಡಬೇಕು.

ಬದುಕಿರುವ ಲೇಖಕರಿಗೆ, ಇಲ್ಲದವರ ವಾರಸುದಾರರಿಗೆ ಬರೆಯುವ ಅನುಮತಿ ಪತ್ರದಲ್ಲಿ ಪುಸ್ತಕದ ಹೆಸರು ಮತ್ತು ಮುದ್ರಣ, ಪೂರ್ತಿ ಪಠ್ಯವೋ ಶೀರ್ಷಿಕೆ ಪುಟ ಮತ್ತು ಪರಿವಿಡಿ ಮಾತ್ರವೋ, ಆವರಣದೊಳಗೋ ಜಾಲದಲ್ಲೋ ಎಂಬುದನ್ನು ಬಿಡಿಸಿ ಕೇಳಿ. ವಾರಸುದಾರರು ಒಬ್ಬರಿಗಿಂತ ಹೆಚ್ಚಿದ್ದರೆ ಎಲ್ಲರ ಸಹಿ ಬೇಕು. ಬಂದ ಉತ್ತರದ ಪ್ರತಿಯನ್ನು ಆ ವ್ಯಕ್ತಿಯ ಸಂಖ್ಯೆಯಡಿಯಲ್ಲೇ ಇಡಿ. ಬೇರೆ ಫೈಲಿನಲ್ಲಿಟ್ಟ ಅನುಮತಿ, ಗ್ರಂಥಪಾಲಕರು ವರ್ಗವಾದ ಮರುದಿನದಿಂದ ಯಾರಿಗೂ ಸಿಗುವುದಿಲ್ಲ.